ದಕ್ಕೆಯಲ್ಲಿ ಹೇಳುವುದು, ಡೆಕ್ಕಿನಲ್ಲಿ ಆಗುವುದು

ಜೂನ್ 1 ಬಂತೆಂದರೆ ಮಲ್ಪೆ, ಗಂಗೊಳ್ಳಿ, ತದಡಿ, ಮಂಗಳೂರಿನ ಬೆಂಗ್ರೆ ಎಲ್ಲಿ ನೋಡಿದರೂ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜುಲೈ 31ರವರೆಗೆ, ಒಟ್ಟು 61 ದಿನ ರಜೆ. ಈ ಅವಧಿಯಲ್ಲಿ ಎಂಜಿನ್ ಬಿಚ್ಚುತ್ತಾರೆ, ಬಲೆ ದುರಸ್ತಿ ಮಾಡುತ್ತಾರೆ, ಹಲಗೆ ಬದಲಿಸುತ್ತಾರೆ, ಕೊನೆಗೆ ಬಣ್ಣ ಹೊಡೆಯುತ್ತಾರೆ. ಅಡಿಭಾಗದ ಬಣ್ಣದಲ್ಲಿ ಯಾರೂ ರಾಜಿ ಮಾಡಿಕೊಳ್ಳುವುದಿಲ್ಲ. ಅಲ್ಲಿ ಚಿಪ್ಪು ಹಿಡಿದರೆ ಡೀಸೆಲ್ ಖರ್ಚು ಏರುತ್ತದೆ, ಹುಳ ಹತ್ತಿದರೆ ಬೋಟೇ ಹೋಗುತ್ತದೆ. ಡೆಕ್ ಮಾತ್ರ ಎಲ್ಲ ಮುಗಿದ ಮೇಲೆ ಉಳಿದ ಡಬ್ಬಿ, ಉಳಿದ ದಿನ, ಉಳಿದ ಆಳುಗಳ ಪಾಲು. ಹಳೇ ಮರದ ಬೋಟುಗಳು ಮೇಲಿನಿಂದ ಕೆಳಕ್ಕೆ ಹಾಳಾಗುವುದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ. ಡೆಕ್ಕಿನ ಬಣ್ಣದ ಬಗ್ಗೆ ದಕ್ಕೆಯಲ್ಲಿ ಓಡಾಡುವ ಮಾತುಗಳಲ್ಲಿ ಕೆಲವನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: "ಡೆಕ್ ಪೈಂಟಿಗೆ ರಜೆಯ ಎರಡು ತಿಂಗಳೇ ಸರಿಯಾದ ಕಾಲ"

ವಾಸ್ತವ: ರಜೆಗೂ ಬಣ್ಣಕ್ಕೂ ನಂಟು ಇರುವುದು ಅಡಿಭಾಗದ ಮಟ್ಟಿಗೆ. ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಬಳಿಯಬೇಕಾದರೆ ಬೋಟನ್ನು ದಡಕ್ಕೆ ಎಳೆಯಲೇಬೇಕು. ಡೆಕ್ಕಿಗೆ ಆ ಕಟ್ಟುಪಾಡಿಲ್ಲ. ಬೋಟ್ ದಕ್ಕೆಗೆ ಕಟ್ಟಿಕೊಂಡು ತೇಲುತ್ತಿದ್ದರೂ ಡೆಕ್ ಮೇಲೆಯೇ ಇರುತ್ತದೆ. ಆದರೂ ಎರಡನ್ನೂ ಒಂದೇ ಗಂಟಿಗೆ ಕಟ್ಟಿ, ವರ್ಷದಲ್ಲೇ ಅತಿ ಒದ್ದೆಯಾದ ಎರಡು ತಿಂಗಳನ್ನು ಆರಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಮಂಗಳೂರಿನಲ್ಲಿ ಜೂನ್, ಜುಲೈ ಎರಡೇ ತಿಂಗಳಲ್ಲಿ ಸುಮಾರು 2,000 ಮಿಲಿಮೀಟರ್ ಮಳೆ ಬೀಳುತ್ತದೆ. ಪೈಂಟ್ ಕಂಪನಿಗಳು ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 85 ಮೀರಬಾರದು, ಬಳಿಯುವ ಮೇಲ್ಮೈಯ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎನ್ನುತ್ತವೆ. ನಮ್ಮ ಆಷಾಢದಲ್ಲಿ ಮಳೆ ನಿಂತ ಗಳಿಗೆಯಲ್ಲೂ ಗಾಳಿ ಈ ಲೆಕ್ಕಕ್ಕೆ ಸಿಗುವುದು ಅಪರೂಪ.

"ಟಾರ್ಪಾಲು ಕಟ್ಟಿದ್ದೇವಲ್ಲ" ಎನ್ನುವವರಿದ್ದಾರೆ. ಟಾರ್ಪಾಲು ಮಳೆ ತಡೆಯುತ್ತದೆ, ತೇವವನ್ನಲ್ಲ. ನಾಲ್ಕೂ ಕಡೆ ಬಿಗಿದು ಕಟ್ಟಿದರೆ ಮರದ ತೇವ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತದೆ. ಮುಂದೆ ಹಿಂದೆ ಎರಡು ಕಡೆ ಬಾಯಿ ಬಿಟ್ಟು, ಗಾಳಿ ಹಾಯುವಂತೆ ಎತ್ತರಕ್ಕೆ ಕಟ್ಟಬೇಕು.

ಮರ ಒಣಗಿದೆಯೇ ಎಂಬುದನ್ನು ಅಂಗೈ ಇಟ್ಟು ಹೇಳಲಾಗದು. ಗೇಣು ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೆರೆದ ಹಲಗೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಮರ ಸುತ್ತಲಿನದಕ್ಕಿಂತ ಕಪ್ಪಾಗಿ ಕಂಡರೆ ಬಣ್ಣದ ಡಬ್ಬಿ ತೆರೆಯಬೇಡಿ.

ಹಾಗಾದರೆ ಯಾವಾಗ? ಹೆರೆಯುವುದು, ಕೊಳೆತ ಹಲಗೆ ಕೀಳುವುದು, ಆಚಾರಿ ಕೆಲಸ ಇವೆಲ್ಲ ರಜೆಯಲ್ಲೇ ಆಗಲಿ. ಬಣ್ಣಕ್ಕೆ ಡಿಸೆಂಬರ್–ಜನವರಿ ಒಳ್ಳೆಯದು. ಮೂಡಣ ಗಾಳಿ ಬೀಸುವ ದಿನಗಳಲ್ಲಿ ಮರ ತಾನಾಗಿ ಒಣಗುತ್ತದೆ. ದುಡಿಯುವ ಕಾಲದಲ್ಲಿ ಬೋಟ್ ನಿಲ್ಲಿಸುವುದು ಯಾರಿಗೂ ಹಿಡಿಸದು, ಅದು ನ್ಯಾಯವೂ ಹೌದು. ಆದರೆ ಇಡೀ ಡೆಕ್ ಒಂದೇ ಸಲ ಆಗಬೇಕೆಂದು ಯಾರು ಹೇಳಿದರು? ಎರಡು ಟ್ರಿಪ್ಪುಗಳ ನಡುವೆ ಮುಂಭಾಗ, ಮುಂದಿನ ಬಿಡುವಿನಲ್ಲಿ ವಿಂಚಿನ ಸುತ್ತ ಎಂದು ಭಾಗ ಮಾಡಿಕೊಳ್ಳಬಹುದು. ಮೀನಿನ ಬರ ಬಂದು ಮೇ ತಿಂಗಳಲ್ಲೇ ಲಂಗರು ಹಾಕುವ ಬೋಟುಗಳೂ ಇವೆ. ಅವುಗಳಿಗೆ ಮಳೆಗೆ ಮುಂಚಿನ ಆ ದಿನಗಳೇ ಸಾಕು. ಮೇ ತಿಂಗಳ ನಡು ಮಧ್ಯಾಹ್ನ ಕಾದ ಹಲಗೆಗೆ ಮಾತ್ರ ಬಳಿಯಬಾರದು. ಮೇಲ್ಪದರ ಕೂಡಲೇ ಒಣಗಿ, ಅಡಿಯ ಥಿನ್ನರ್ ಹೊರಬರಲಾಗದೆ ಗುಳ್ಳೆ ಎಬ್ಬಿಸುತ್ತದೆ.

ತಪ್ಪು ಕಲ್ಪನೆ: "ಉಪ್ಪುನೀರು ಮರ ತಿನ್ನುತ್ತದೆ, ಮಳೆನೀರು ಬಿದ್ದರೆ ಡೆಕ್ ತೊಳೆದಂತಾಯಿತು"

ವಾಸ್ತವ: ಹೆಚ್ಚು ಕಡಿಮೆ ತಿರುಗುಮುರುಗು. ಮರವನ್ನು ಕೊಳೆಸುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಮರದಲ್ಲಿ ತೇವ ಶೇ. 20ಕ್ಕಿಂತ ಹೆಚ್ಚಾಗಿ ಬಹುಕಾಲ ನಿಂತರೆ ಅದು ಹತ್ತುತ್ತದೆ, ಮತ್ತು ಅದಕ್ಕೆ ಉಪ್ಪು ಆಗುವುದಿಲ್ಲ. ಹಿಂದಿನ ಕಾಲದ ಹಡಗು ಕಟ್ಟುವವರು ಒಳ ಹಲಗೆ, ಹೊರ ಹಲಗೆಗಳ ನಡುವಿನ ಜಾಗದಲ್ಲಿ ಉಪ್ಪು ತುಂಬಿಸುತ್ತಿದ್ದುದು ಇದೇ ಕಾರಣಕ್ಕೆ. ಸಮುದ್ರದಲ್ಲಿ ಮರ ಕೊರೆಯುವ ಹುಳ ಬೇರೆ ಸಂಗತಿ. ಅದರ ಕಾಟ ನೀರಿನೊಳಗಿನ ಅಡಿಭಾಗಕ್ಕೆ, ಡೆಕ್ಕಿಗೆ ಬರುವುದಿಲ್ಲ. ಡೆಕ್ಕಿನ ಶತ್ರು ಸಿಹಿನೀರು.

ಸಿಹಿನೀರು ಎಂದರೆ ಮಳೆಯೊಂದೇ ಅಲ್ಲ. ಮೀನಿಗೆ ಹಾಕುವ ಮಂಜುಗಡ್ಡೆ ಕರಗಿದ್ದೂ ಸಿಹಿನೀರೇ! ಮೀನು ತುಂಬುವ ಕೋಣೆಯ ಬಾಯಿಯ ಸುತ್ತ ಅದು ವರ್ಷವಿಡೀ ಸೋರುತ್ತದೆ. ಒಳಗಿನ ತಂಪಿಗೆ ಡೆಕ್ ಹಲಗೆಯ ಅಡಿಮೈ ಬೆವರುತ್ತಲೇ ಇರುತ್ತದೆ. ಮೇಲೆ ಬಣ್ಣ ಮಿರಮಿರ ಮಿಂಚುತ್ತಿದ್ದರೂ ಅದೇ ಹಲಗೆ ಕೆಳಗಿನಿಂದ ಮೆತ್ತಗಾಗುತ್ತಾ ಬಂದಿರುತ್ತದೆ.

ಹಾಗಾಗಿ ಬ್ರಷ್ಷಿಗಿಂತ ಮೊದಲು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು. ವಿಂಚ್ ಕೂರಿಸಿದ ಜಾಗ, ಕ್ಯಾಬಿನ್ನಿನ ಮೂಲೆಗಳು, ಕೋಣೆಯ ಬಾಯಿಯ ಕಟ್ಟು, ಕಂಬಗಳ ಬುಡ ಇಲ್ಲೆಲ್ಲ ಮೊನೆಯಿಂದ ಒತ್ತಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಮೊನೆ ಎತ್ತಿದಾಗ ಎಳೆ ಸೀಳಿ ಚಟ್ಟೆಂದು ಸದ್ದಾಗುತ್ತದೆ. ಕೊಳೆತ ಮರದೊಳಗೆ ಮೊನೆ ಸದ್ದಿಲ್ಲದೆ ಇಳಿಯುತ್ತದೆ. ಕೆದಕಿದರೆ ಕಂದು ಬಣ್ಣದ ಚೌಕ ಚೌಕ ತುಂಡುಗಳಾಗಿ ಉದುರುತ್ತದೆ. ಅಂಥ ಕಡೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಗಟ್ಟಿ ಮರ ಸಿಗುವಲ್ಲಿಯವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸುವುದೊಂದೇ ಉಪಾಯ.

ಸಮುದ್ರದ ನೀರಿನಲ್ಲಿ ಡೆಕ್ ತೊಳೆಯುವ ಪದ್ಧತಿ ತಪ್ಪಲ್ಲ ಎಂದಾಯಿತು. ಬಣ್ಣ ಹೊಡೆಯುವ ಮುನ್ನ ಮಾತ್ರ ಸಿಹಿನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು. ಬಣ್ಣದಡಿ ಉಳಿದ ಉಪ್ಪಿನ ಹರಳು ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಸ್ಟೀಲ್ ಬೋಟಿನಲ್ಲಂತೂ ತುಕ್ಕಿನ ಗುಂಡಿಯಲ್ಲಿ ಕೂತ ಉಪ್ಪು ತೆಗೆಯದೆ ಎಷ್ಟು ದುಬಾರಿ ಪ್ರೈಮರ್ ಹಾಕಿದರೂ ತುಕ್ಕು ಅಲ್ಲೇ ಮತ್ತೆ ಮೇಲೇಳುತ್ತದೆ.

ತಪ್ಪು ಕಲ್ಪನೆ: "ಸೋರುವ ಕಡೆ ನಾಲ್ಕು ಕೋಟ್ ದಪ್ಪಗೆ ಹೊಡೆದರೆ ನಿಲ್ಲುತ್ತದೆ ಮಾರಾಯ್ರೆ"

ವಾಸ್ತವ: ಒಂದು ವಾರ ನಿಲ್ಲುತ್ತದೆ. ಹಲಗೆ ಬಿಸಿಲಿಗೆ ಕುಗ್ಗುತ್ತದೆ, ನೀರಿಗೆ ಹಿಗ್ಗುತ್ತದೆ, ಎಂಜಿನ್ ಓಡುವಾಗ ನಡುಗುತ್ತದೆ. ಎರಡು ಹಲಗೆಗಳ ನಡುವಿನ ಸಂದಿ ಹೀಗೆ ಸದಾ ಚಲಿಸುತ್ತಿರುವಾಗ ಅದರ ಮೇಲೆ ಹಾಸಿದ ಬಣ್ಣದ ಪದರ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರಿಗೆ ಮೇಲೆ ಬರುವ ದಾರಿಯಿಲ್ಲ. ಹಳಬರು ಹತ್ತಿಯ ಬತ್ತಿಯನ್ನು ಉಳಿಯಿಂದ ಸಂದಿಗೆ ತುರುಕಿ, ಮೇಲೆ ರಾಳವನ್ನು ಎಣ್ಣೆಯಲ್ಲಿ ಕಾಸಿ ಬಳಿಯುತ್ತಿದ್ದರು. ಇಂದು ರಾಳದ ಬದಲು ರಬ್ಬರಿನಂತೆ ಎಳೆಯುವ ಪಾಲಿಯುರೆಥೇನ್ ಸೀಲಂಟ್ ಸಿಗುತ್ತದೆ. ಯಾವುದಾದರೂ ಸರಿ, ಸಂದಿಯ ಕೆಲಸ ಸಂದಿಯಲ್ಲೇ ಮುಗಿಯಬೇಕು. ಒಣಗಿ ಕಲ್ಲಾಗುವ ಸುಣ್ಣದ ಪುಟ್ಟಿ ಡೆಕ್ಕಿಗೆ ಬೇಡವೇ ಬೇಡ.

ದಪ್ಪ ಬಣ್ಣದ ಇನ್ನೊಂದು ತೊಂದರೆಯನ್ನು ಹಳೇ ಬೋಟಿನಿಂದ ಎದ್ದ ಚಕ್ಕೆಯಲ್ಲೇ ಕಾಣಬಹುದು. ಅದರ ಅಂಚು ನೋಡಿದರೆ ನೀಲಿ, ಹಸಿರು, ಕೆಂಪು, ಮತ್ತೆ ನೀಲಿ ಎಂದು ಪಟ್ಟೆ ಪಟ್ಟೆ. ವರ್ಷಕ್ಕೊಂದು ಕೋಟ್, ಹೆರೆಯದೆ ಒಂದರ ಮೇಲೊಂದು. ಮೇಲಿನ ಹೊಸ ಕೋಟ್ ಎಷ್ಟೇ ಗಟ್ಟಿಯಾಗಿರಲಿ, ಅದು ನಿಂತಿರುವುದು ತೀರಾ ಅಡಿಯ, ತೀರಾ ಹಳೆಯ ಪದರದ ಹಿಡಿತದ ಮೇಲೆ. ಹಳೇ ಬಣ್ಣ ಉಳಿಸಿಕೊಳ್ಳಬಹುದೇ ಎಂಬ ಅನುಮಾನವಿದ್ದರೆ ಬ್ಲೇಡಿನಿಂದ ಮರದವರೆಗೆ ಅಡ್ಡಡ್ಡ ಎರಡು ಗೀರು ಎಳೆದು, ಗಟ್ಟಿ ಟೇಪು ಒತ್ತಿ ಅಂಟಿಸಿ, ಒಮ್ಮೆಲೇ ಎಳೆಯಿರಿ. ಟೇಪಿನೊಂದಿಗೆ ಬಣ್ಣವೂ ಎದ್ದು ಬಂದರೆ ಎಲ್ಲವನ್ನೂ ಹೆರೆಯುವುದೇ ಸೈ.

ತಪ್ಪು ಕಲ್ಪನೆ: "ಸ್ಯಾಂಡ್ ಪೇಪರ್ ಉಜ್ಜಿದರೆ ಎಲ್ಲ ಕೊಳೆ ಹೋಗುತ್ತದೆ"

ವಾಸ್ತವ: ಮೀನಿನ ಬೋಟಿನ ಡೆಕ್ ಬೇರೆ ಹಡಗಿನ ಡೆಕ್ಕಿನಂತಲ್ಲ. ಬೂತಾಯಿ, ಬಂಗುಡೆ ಎಣ್ಣೆಯ ಮೀನುಗಳು. ವರ್ಷಗಟ್ಟಲೆ ರಾಶಿ ಸುರಿದು, ತುಳಿದು, ವಿಂಗಡಿಸಿದ ಜಾಗದಲ್ಲಿ ಆ ಕೊಬ್ಬು ಮರಕ್ಕೆ ಇಳಿದಿರುತ್ತದೆ. ಜತೆಗೆ ವಿಂಚಿನ ಗ್ರೀಸ್, ಚೆಲ್ಲಿದ ಡೀಸೆಲ್. ತೊಳೆಯದೆ ಉಜ್ಜಿದರೆ ಜಿಡ್ಡು ಪುಡಿಯೊಂದಿಗೆ ಬೆರೆತು ಮರದ ಎಳೆಯೊಳಗೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಮೊದಲು ಬಿಸಿನೀರು, ವಾಷಿಂಗ್ ಸೋಡಾ, ಗಟ್ಟಿ ಬ್ರಷ್. ತಿಕ್ಕಿ, ತೊಳೆದು, ಮತ್ತೊಮ್ಮೆ ತಿಕ್ಕಬೇಕು. ಸೋಡಾ ಉಳಿಯದಂತೆ ಧಾರಾಳ ನೀರು ಹುಯ್ಯಬೇಕು. ಆಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ; ಮಣಿ ಮಣಿಯಾಗಿ ನಿಂತರೆ ಹೋಗಿಲ್ಲ. ಉಜ್ಜುವುದು ಇದಾಗಿ, ಮರ ಒಣಗಿದ ಮೇಲೆ.

ಮೀನೆಣ್ಣೆ, ಗೋಡಂಬಿ ಸಿಪ್ಪೆಯ ಎಣ್ಣೆ ಹಚ್ಚುವ ಹಳೇ ಪದ್ಧತಿಯ ಬಗ್ಗೆಯೂ ಇಲ್ಲೇ ಒಂದು ಮಾತು. ಅದನ್ನು ಮೂಢತನ ಎಂದು ತಳ್ಳುವವರ ಜತೆ ನಾನಿಲ್ಲ. ಎಣ್ಣೆ ಮರದೊಳಗೆ ಇಳಿಯುತ್ತದೆ, ಮರದ ಚಲನೆಗೆ ಹೊಂದಿಕೊಳ್ಳುತ್ತದೆ, ಎದ್ದು ಚಕ್ಕೆಯಾಗುವುದಿಲ್ಲ. ಮತ್ತೆ ಮತ್ತೆ ಹಚ್ಚುವ ತಾಳ್ಮೆ ಇರಬೇಕು ಅಷ್ಟೆ. ಗೋಡಂಬಿ ಎಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಆದ್ದರಿಂದ ಕೈಗವಸು ಬೇಕು. ಆದರೆ ಈ ವರ್ಷ ಎಣ್ಣೆ, ಮುಂದಿನ ವರ್ಷ ಅದರ ಮೇಲೆ ಎಪಾಕ್ಸಿ ಎಂದರೆ ಎರಡೂ ಹಾಳು. ಎಣ್ಣೆಯ ದಾರಿ ಹಿಡಿದವರು ಅದರಲ್ಲೇ ನಡೆಯಲಿ.

ತಪ್ಪು ಕಲ್ಪನೆ: "ಫೈಬರ್ ಹಾಕಿಸಿದ್ದೇವೆ, ಇನ್ನು ಮರಕ್ಕೆ ನೀರು ಮುಟ್ಟುವುದಿಲ್ಲ"

ವಾಸ್ತವ: ಡೆಕ್ಕಿಗೆ ಹೊದಿಸಿದ ಫೈಬರ್ ಹಾಳೆಯನ್ನು ಚುಚ್ಚಿಕೊಂಡು ಹೋಗುವ ಬೋಲ್ಟುಗಳು ಎಷ್ಟಿವೆ ಎಂದು ಎಣಿಸಿ ನೋಡಿ. ವಿಂಚಿನದು, ಕಂಬಗಳದು, ಪೈಪಿನದು. ಒಂದೊಂದು ತೂತೂ ನೀರಿಗೆ ಬಾಗಿಲು. ಒಳಹೊಕ್ಕ ನೀರು ಫೈಬರಿನಡಿ ಆರದೆ ನಿಂತು, ಕಣ್ಣಿಗೆ ಬೀಳದಂತೆ ಮರವನ್ನು ಕೊಳೆಸುತ್ತದೆ. ಬರೀ ಮರದ ಡೆಕ್ಕಿನಲ್ಲಾದರೆ ಕಪ್ಪು ಕಲೆಯಾದರೂ ಕಾಣುತ್ತಿತ್ತು. ಸುತ್ತಿಗೆಯ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿ. ಟಣ್ ಎನ್ನುವ ಸದ್ದು ಬೊದ್ದಾದ ಕಡೆ ಹಾಳೆ ಮರದಿಂದ ಬಿಟ್ಟಿದೆ ಎಂದರ್ಥ. ಅಂಥ ಕಡೆ ಮೇಲೆ ಬಣ್ಣ ಹಚ್ಚಿ ಫಲವಿಲ್ಲ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿಯನ್ನು ರೂಪಿಸಿದಾಗ ಮೊದಲು ಮರಕ್ಕೆ ಸಂರಕ್ಷಕ ಔಷಧಿ ಕೊಟ್ಟು, ಆಮೇಲೆ ಫೈಬರ್ ಹೊದಿಸಿತು. ಅನುಸರಿಸಬೇಕಾದ ಕ್ರಮ ಅದೇ. ಫೈಬರ್ ಕೆಲಸ ಮಾಡಿಸುವವರಿಗೆ ಇನ್ನೊಂದು ಎಚ್ಚರಿಕೆ: ಪಾಲಿಯೆಸ್ಟರ್ ರೆಸಿನ್‌ಗೆ ಸೇರಿಸುವ ಕೋಬಾಲ್ಟ್ ದ್ರಾವಣವನ್ನೂ ಗಟ್ಟಿಕಾರಕ ಪೆರಾಕ್ಸೈಡನ್ನೂ ಯಾವ ಕಾರಣಕ್ಕೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ತಪ್ಪು ಕಲ್ಪನೆ: "ಎಪಾಕ್ಸಿ ದುಬಾರಿ, ಅದಕ್ಕೇ ಒಳ್ಳೆಯದು, ಹಾರ್ಡನರ್ ಇನ್ನಷ್ಟು ಸುರಿದರೆ ಬೇಗ ಗಟ್ಟಿ"

ವಾಸ್ತವ: ಎಪಾಕ್ಸಿ ಒಳ್ಳೆಯ ಪ್ರೈಮರ್. ಮೇಲಿನ ಕೋಟಾಗಿ ಬಿಸಿಲು ತಡೆಯದು. ಕೆಲ ತಿಂಗಳಲ್ಲೇ ಬೆರಳಿಗೆ ಸುಣ್ಣದ ಪುಡಿಯಂತೆ ಹತ್ತುತ್ತದೆ. ಅದರ ಮೇಲೆ ಪಾಲಿಯುರೆಥೇನ್, ದಕ್ಕೆಯ ಮಾತಿನಲ್ಲಿ ಪಿಯು, ಹಾಕಬೇಕು. ಹಾರ್ಡನರ್ ಅಡುಗೆಯ ಒಗ್ಗರಣೆಯಲ್ಲ, ಕಣ್ಣಂದಾಜಿಗೆ ಬಿಡಲು. ಡಬ್ಬಿಯ ಮೇಲಿನ ಅಳತೆ ತಪ್ಪಿದರೆ, ಹೆಚ್ಚಾದರೂ ಕಡಿಮೆಯಾದರೂ, ಪದರ ದುರ್ಬಲವಾಗಿಯೇ ಉಳಿಯುತ್ತದೆ. ದೊಡ್ಡ ಬಕೆಟ್ಟಿನಲ್ಲಿ ಒಮ್ಮೆಲೇ ಕಲಸಿದರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಬಳಿದು ಮುಗಿಸುವಷ್ಟೇ ಕಲಸಿ.

ಹಳೇ ಎನಾಮಲ್ ಮೇಲೆ ನೇರವಾಗಿ ಎಪಾಕ್ಸಿ, ಪಿಯುವಿನಂಥ ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಬಣ್ಣ ಹಾಕಿದರೆ ಅದರ ಖಾರದ ಥಿನ್ನರಿಗೆ ಅಡಿಯ ಎನಾಮಲ್ ಸುಕ್ಕುಗಟ್ಟಿ ಎದ್ದೇಳುತ್ತದೆ. ಪೂರ್ತಿ ಹೆರೆಯುವ ಶಕ್ತಿ ಇಲ್ಲದವರು ಎನಾಮಲ್ಲಿನಲ್ಲೇ ಮುಂದುವರಿಯುವುದು ಲೇಸು. ಚೆನ್ನಾಗಿ ತಯಾರಾದ ಡೆಕ್ಕಿಗೆ ಬಿದ್ದ ಅಗ್ಗದ ಎನಾಮಲ್, ಜಿಡ್ಡಿನ ಮೇಲೆ ಬಿದ್ದ ದುಬಾರಿ ಪಿಯುಗಿಂತ ಹೆಚ್ಚು ಬಾಳುತ್ತದೆ.

ಎಷ್ಟು ಬೇಕು ಎಂಬ ಲೆಕ್ಕಕ್ಕೆ: ಲೀಟರಿಗೆ ಸುಮಾರು 10 ಚದರ ಮೀಟರ್ ಹಿಡಿಯಿರಿ. 10 ಮೀಟರ್ ಉದ್ದ, 4 ಮೀಟರ್ ಅಗಲದ ತೆರೆದ ಡೆಕ್ಕಿಗೆ ಒಂದು ಕೋಟಿಗೆ 4 ಲೀಟರ್. ಒರಟು ಹಳೇ ಮರ ಮೊದಲ ಕೋಟಿಗೆ ಇನ್ನೂ ಹೆಚ್ಚು ಕುಡಿಯುತ್ತದೆ. ಇದನ್ನು ಪೆಟ್ರೋಲ್, ಸೀಮೆಎಣ್ಣೆ ಬೆರೆಸಿ ಉದ್ದ ಮಾಡಲು ಹೋಗಬೇಡಿ. ಬಣ್ಣವೂ ಕೆಡುತ್ತದೆ, ಮುಚ್ಚಿದ ಕೋಣೆಗೆ ಇಳಿದ ಪೆಟ್ರೋಲ್ ಹಬೆಗೆ ಒಂದು ಬೀಡಿಯ ಕಿಡಿ ಸಾಕು.

ತಪ್ಪು ಕಲ್ಪನೆ: "ಅಡಿಗೆ ಹಚ್ಚಿದ ಕೆಂಪು ಪೈಂಟ್ ಉಳಿದಿದೆ, ಅದೇ ಡೆಕ್ಕಿಗೂ ಆಗುತ್ತದೆ"

ವಾಸ್ತವ: ಆಗುವುದಿಲ್ಲ. ಚಿಪ್ಪು ಹಿಡಿಯದಂತೆ ತಡೆಯುವ ಆ ಬಣ್ಣದಲ್ಲಿ ತಾಮ್ರದ ವಿಷ ಇರುತ್ತದೆ, ನೀರಿನಲ್ಲಿ ನಿಧಾನ ಬಿಡುವಂತೆ ಮಾಡಿರುತ್ತಾರೆ. ಡೆಕ್ಕಿನಲ್ಲಿ ಅದು ಕಾಲಿಗೆ, ಕೈಗೆ, ಮೀನಿಗೆ ಹತ್ತುತ್ತದೆ, ಸವೆತಕ್ಕೂ ನಿಲ್ಲದು. ಹಿಂದೆ ಇಂಥ ಬಣ್ಣಗಳಲ್ಲಿದ್ದ ಟ್ರೈಬ್ಯೂಟೈಲ್ ತವರ ಎಂಬ ಘೋರ ವಿಷವನ್ನು 2001ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿತು; ಆ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಉಳಿದ ಡಬ್ಬಿಯನ್ನು ಮುಚ್ಚಿಟ್ಟುಕೊಳ್ಳಿ.

ತಪ್ಪು ಕಲ್ಪನೆ: "ಮಿಂಚಿದಷ್ಟೂ ಒಳ್ಳೇ ಪೈಂಟ್, ಜಾರದಿರಲು ದಡದ ಮರಳು ಇದೆಯಲ್ಲ"

ವಾಸ್ತವ: ಮಿಂಚುವ ಎನಾಮಲ್ ಮೇಲೆ ನೀರು, ಮೀನಿನ ಲೋಳೆ ಎರಡೂ ಬಿದ್ದರೆ ಕಲಾಸಿಗೆ ಕಾಲೂರುವುದೇ ಕಷ್ಟ. ರಾತ್ರಿ ಬಲೆ ಎಳೆಯುವಾಗ ವಿಂಚಿನ ಬಳಿ ಜಾರಿದರೆ ಕೈ ಹೋಗುತ್ತದೆ, ಅಂಚಿನಲ್ಲಿ ಜಾರಿದರೆ ಆಳೇ ಹೋಗುತ್ತಾನೆ. ಆದ್ದರಿಂದ ಒರಟು ಮೇಲ್ಮೈ ಬೇಕು ಎಂಬುದು ಸರಿ. ಸಮುದ್ರದಂಡೆಯ ಮರಳು ತಪ್ಪು. ಅದರಲ್ಲಿ ಉಪ್ಪಿದೆ, ಚಿಪ್ಪಿನ ಚೂರಿದೆ, ಅಲೆ ಉರುಳಿಸಿ ಕಾಳುಗಳ ಮೊನೆ ಸವೆದಿದೆ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಒಂದೇ ಗಾತ್ರಕ್ಕೆ ಜರಡಿ ಹಿಡಿದ ಸಿಲಿಕಾ ಮರಳು ಬಳಸಿ. ಬಣ್ಣದಲ್ಲಿ ಕಲಸಿದರೆ ಅದು ಡಬ್ಬಿಯ ತಳಕ್ಕಿಳಿದು ಒಂದು ಕಡೆ ರಾಶಿ, ಇನ್ನೊಂದು ಕಡೆ ಬೋಳು. ಹಸಿ ಕೋಟಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಉದುರಿಸಿ, ಒಣಗಿದ ಮೇಲೆ ಅಂಟದ್ದನ್ನು ಗುಡಿಸಿ, ಮೇಲೊಂದು ತೆಳು ಕೋಟ್ ಹಾಕಬೇಕು. ಮೀನು ವಿಂಗಡಿಸುವ ಜಾಗದಲ್ಲಿ ತೀರಾ ಒರಟಾದರೆ ಬಲೆಯೂ ಹರಿಯುತ್ತದೆ, ತೊಳೆಯಲೂ ಆಗದು. ವಿಂಚಿನ ಸುತ್ತ, ಓಡಾಡುವ ಅಂಚಿನಲ್ಲಿ, ಏಣಿಯ ಬುಡದಲ್ಲಿ ಮಾತ್ರ ಒರಟು ಪಟ್ಟಿ ಸಾಕು.

ತಪ್ಪು ಕಲ್ಪನೆ: "ಬಣ್ಣ ಯಾವುದಾದರೇನು, ಮಾಲೀಕರ ಇಷ್ಟ"

ವಾಸ್ತವ: ಡೆಕ್ಕಿನ ಮಟ್ಟಿಗೆ ಇಷ್ಟವೇ, ಆದರೆ ತಿಳಿ ಬೂದಿ ಅಥವಾ ಕೆನೆಬಣ್ಣ ಆರಿಸಿದರೆ ಹಲಗೆ ಕಡಿಮೆ ಕಾಯುತ್ತದೆ, ಸಂದಿ ಕಡಿಮೆ ಬಿಡುತ್ತದೆ, ಕೆಳಗಿನ ಮಂಜುಗಡ್ಡೆಯೂ ಉಳಿಯುತ್ತದೆ. ಬೋಟಿನ ಹೊರಮೈ, ಕ್ಯಾಬಿನ್ ವಿಷಯ ಬೇರೆ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಉಗ್ರರು ಪೋರ್‌ಬಂದರಿನ 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನೇ ಅಪಹರಿಸಿದ್ದರು. ಆ ಬಳಿಕ ಕರಾವಳಿ ರಾಜ್ಯಗಳ ಬೋಟುಗಳಿಗೆ ಗುರುತಿನ ಬಣ್ಣಗಳ ವ್ಯವಸ್ಥೆ ಬಂತು. ಡಬ್ಬಿ ಕೊಳ್ಳುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಅಳಿಸಿಹೋದ ನೋಂದಣಿ ಸಂಖ್ಯೆಯನ್ನು ಮತ್ತೆ ಬರೆಸಿ.

ತಪ್ಪು ಕಲ್ಪನೆ: "ಹೆರೆದ ಪುಡಿ ತಾನೇ, ಹೊಳೆಗೆ ಗುಡಿಸಿಬಿಡಿ"

ವಾಸ್ತವ: ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಪದರಗಳಲ್ಲಿ, ಅದರಲ್ಲೂ ಹಳೇ ಕೆಂಪು ಪ್ರೈಮರಿನಲ್ಲಿ, ಸೀಸ ಇರುವ ಸಾಧ್ಯತೆ ಬಲವಾಗಿದೆ. ಒಣಗಿರುವಾಗ ಗ್ರೈಂಡರ್ ಹಿಡಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ, ಬಟ್ಟೆಗಂಟಿಕೊಂಡು ಮನೆಯ ಮಕ್ಕಳಿಗೆ. ನೀರು ಚಿಮುಕಿಸಿ ಹೆರೆಯಿರಿ, ಧೂಳು ತಡೆಯುವ ಮಾಸ್ಕ್ ಹಾಕಿ. ಮುಖಕ್ಕೆ ಕಟ್ಟಿದ ಬೈರಾಸಿನಿಂದ ಏನೂ ಪ್ರಯೋಜನವಿಲ್ಲ. ಬದಿಗಳಲ್ಲಿ ಟಾರ್ಪಾಲು ಹಾಸಿ ಚಕ್ಕೆಗಳನ್ನು ಚೀಲಕ್ಕೆ ತುಂಬಿ. ನೀವು ಗುಡಿಸುವ ಅದೇ ಹೊಳೆಬಾಯಿಯಲ್ಲಿ ಮರುವಾಯಿ ಹೆಕ್ಕುವವರಿದ್ದಾರೆ.

ತಪ್ಪು ಕಲ್ಪನೆ: "ಕೈಗೆ ಅಂಟದಿದ್ದರೆ ಒಣಗಿದಂತೆಯೇ, ನಾಳೆಯೇ ಐಸ್ ತುಂಬಬಹುದು"

ವಾಸ್ತವ: ಕೈಗೆ ಅಂಟದಿರುವುದು ಮೇಲ್ಪದರದ ಮಾತು. ಪಿಯು ಬಣ್ಣ ನಮ್ಮ ಹವೆಯಲ್ಲಿ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಗಾಳಿಯ ತೇವದೊಂದಿಗೆ ಪ್ರತಿಕ್ರಿಯಿಸುವ ಗುಣವಿರುವುದರಿಂದ ಮಳೆಗಾಲದಲ್ಲಿ ಅದು ಗುಳ್ಳೆ ಎದ್ದು ಮಂಕಾಗುವುದೂ ಉಂಟು. ಜುಲೈ 30ಕ್ಕೆ ಬಣ್ಣ ಹೊಡೆದು ಆಗಸ್ಟ್ 1ಕ್ಕೆ ಐಸ್ ಬ್ಲಾಕುಗಳನ್ನು ಎಳೆದಾಡಿದರೆ ಮೊದಲ ಟ್ರಿಪ್ಪಿನಲ್ಲೇ ಡೆಕ್ಕಿನ ನಡುವೆ ಮರ ಇಣುಕುತ್ತದೆ. ತಪ್ಪು ಪೈಂಟಿನದ್ದಲ್ಲ, ಅಂಗಡಿಯವರ ಮೇಲೆ ರೇಗಿ ಪ್ರಯೋಜನವಿಲ್ಲ.

ಜುಲೈ ಕೊನೆಯ ವಾರ ಬಂದರೂ ಡೆಕ್ ಒಣಗಿಲ್ಲವೆಂದರೆ ಈ ಸಲ ಮೇಲ್ಕೋಟ್ ಬಿಟ್ಟುಬಿಡಿ. ಕೊಳೆತದ್ದು ತೆಗೆದಾಗಿದೆ, ಸಂದಿ ತುಂಬಿಯಾಗಿದೆ ಎಂದಾದರೆ ಬೋಟ್ ಕಡಲಿಗೆ ಹೋಗಲು ಅಡ್ಡಿಯಿಲ್ಲ. ಒಣಗಿದ ಭಾಗಕ್ಕಷ್ಟೇ ಪ್ರೈಮರ್ ಕೊಟ್ಟು, ಡಿಸೆಂಬರಿನಲ್ಲಿ ಅದನ್ನು ಲಘುವಾಗಿ ಉಜ್ಜಿ ಬಣ್ಣ ಮುಗಿಸಿ.